ಕ್ಲಮೈಡಿಯಾ ಸೋಂಕಿಗೆ ಮದ್ದು: ಒಬ್ಬರು ತೆಗೆದುಕೊಂಡರೆ ಸಾಲದು

ಮೂತ್ರ ಮಾಡುವಾಗ ಉರಿ ಅಂದರೆ ಕಾಸರಗೋಡಿನ ಮನೆಗಳಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿರಬೇಕು’. ಎಳನೀರು, ಪುನರ್ಪುಳಿ ಶರಬತ್ತು, ಮೆಂತೆ ನೆನೆಸಿದ ನೀರು ಶುರುವಾಗುತ್ತದೆ. ನೀರು ಕಡಿಮೆಯಾಗಿ ಬಂದ ಉರಿಯಾದರೆ ಇಷ್ಟರಲ್ಲೇ ಹೋಗುತ್ತದೆ. ಆದರೆ ಉರಿಯ ಜೊತೆ ಕೀವಿನಂಥ ಸ್ರಾವ ಕಂಡರೆ, ಹೆಂಗಸರಿಗೆ ಬಿಳಿ ಹೋಗುವುದು ಜಾಸ್ತಿಯಾದರೆ, ಮುಟ್ಟಿನ ನಡುವೆ ರಕ್ತ ಕಂಡರೆ, ಅದು ಲೈಂಗಿಕವಾಗಿ ಹರಡುವ ಸೋಂಕು ಇರಬಹುದು. ಇಂಥ ಸೋಂಕುಗಳಲ್ಲಿ ತುಂಬಾ ಸಾಮಾನ್ಯವಾದದ್ದು ಕ್ಲಮೈಡಿಯಾ. ಇದಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ. ಸರಿಯಾದ ಆಂಟಿಬಯೋಟಿಕ್ ಕೊಟ್ಟರೆ ಗುಣವಾಗುತ್ತದೆ. ಹಾಗೇ ಬಿಟ್ಟರೆ ಗರ್ಭನಾಳ ಹಾಳಾಗಿ ಮಕ್ಕಳಾಗುವುದೇ ಕಷ್ಟವಾಗಬಹುದು.

ಮೊದಲು ಡಾಕ್ಟರು, ಆಮೇಲೆ ಮದ್ದಿನಂಗಡಿ

ಅಂಗಡಿಗೆ ಹೋಗಿ ‘ಉರಿಗೆ ಏನಾದರೂ ಕೊಡಿ’ ಎಂದು ಕೇಳಬೇಡಿ. ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯಲೆಂದೇ ಕೇರಳ ಸರಕಾರ 2024ರಲ್ಲಿ ‘ಆಪರೇಷನ್ ಅಮೃತ್’ ಶುರು ಮಾಡಿತು. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಗೊನೊರಿಯಾ ಸೋಂಕಿನ ಲಕ್ಷಣಗಳೂ ಹೆಚ್ಚುಕಡಿಮೆ ಇವೇ. ಅದಕ್ಕೆ ಕೊಡುವ ಮದ್ದು ಮಾತ್ರ ಬೇರೆ.

ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಇರುವ ಕ್ಲಿನಿಕ್‌ಗೆ ಕೇರಳದಲ್ಲಿ ‘ಪುಲರಿ’ ಎಂದು ಹೆಸರು. ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ‘ಸುರಕ್ಷಾ’ ಕ್ಲಿನಿಕ್ ಎಂದು ಕೇಳಿ. ಚಿಕಿತ್ಸೆ ಉಚಿತ, ವಿಷಯ ಗುಟ್ಟಾಗಿಯೇ ಇರುತ್ತದೆ. ಹತ್ತಿರದ ಕ್ಲಿನಿಕ್ ಎಲ್ಲಿದೆ ಎಂದು ತಿಳಿಯಲು 1097ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ. ಚರ್ಮರೋಗದ ಡಾಕ್ಟರು, ಹೆಂಗಸರ ಡಾಕ್ಟರು ಕೂಡ ನೋಡುತ್ತಾರೆ. ಬಸ್‌ಸ್ಟ್ಯಾಂಡಿನ ಗೋಡೆಯ ‘ಗುಪ್ತರೋಗ’ದ ಪೋಸ್ಟರ್ ನಂಬಿ ಮಾತ್ರ ಹೋಗಬೇಡಿ.

ಮೂತ್ರ ಪರೀಕ್ಷೆ ಹೇಳಿದರೆ ಅದಕ್ಕೂ ಒಂದು ಗಂಟೆ ಮೊದಲಿನಿಂದ ಮೂತ್ರ ಮಾಡಬೇಡಿ. ಶುರುವಿಗೆ ಬರುವ ಮೂತ್ರವನ್ನೇ ಹಿಡಿಯಬೇಕು. ಈ ಪರೀಕ್ಷೆ ಎಲ್ಲ ಕಡೆ ಇಲ್ಲ. ಹಾಗಾಗಿ ಎಷ್ಟೋ ಕಡೆ ಲಕ್ಷಣ ನೋಡಿಯೇ ಎರಡೂ ಸೋಂಕಿಗೆ ಆಗುವ ಮಾತ್ರೆಗಳನ್ನು ಒಟ್ಟಿಗೆ ಕೊಡುತ್ತಾರೆ. ಸಿಫಿಲಿಸ್, ಎಚ್‌ಐವಿಗೆ ರಕ್ತ ಪರೀಕ್ಷೆಯನ್ನೂ ಅದೇ ದಿನ ಮಾಡಿಸಿ.

ಏಳು ದಿನದ ಮಾತ್ರೆ

ಕ್ಲಮೈಡಿಯಾಕ್ಕೆ ಸಾಮಾನ್ಯವಾಗಿ ಬರೆಯುವುದು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ. ಬೆಳಿಗ್ಗೆ ಒಂದು, ರಾತ್ರಿ ಒಂದು, ಏಳು ದಿನ. ಈ ಮಾತ್ರೆಯನ್ನು ಒಂದು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಗಂಟಲ ಕೆಳಗೆ ಅಂಟಿಕೊಂಡು ಅನ್ನನಾಳದಲ್ಲಿ ಹುಣ್ಣಾಗಬಹುದು. ದೊಡ್ಡ ಲೋಟ ತುಂಬಾ ನೀರು ಕುಡಿಯಿರಿ. ಆಮೇಲೆ ಅರ್ಧ ಗಂಟೆಯಾದರೂ ಮಲಗಬೇಡಿ. ರಾತ್ರಿಯ ಮಾತ್ರೆಯನ್ನು ಊಟದ ಹೊತ್ತಿಗೇ ಮುಗಿಸಿದರೆ ಒಳ್ಳೆಯದು, ಹೊಟ್ಟೆ ತೊಳೆಸುವುದೂ ಕಡಿಮೆ. ಹಾಲು, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಗ್ಯಾಸಿನ ಮದ್ದು ಇವುಗಳ ಜೊತೆ ಬೇಡ. ಮದ್ದು ಮೈಗೆ ಹಿಡಿಯುವುದಿಲ್ಲ.

ಬಿಸಿಲಿನದ್ದೂ ಒಂದು ತೊಂದರೆ ಇದೆ. ಈ ಮದ್ದು ತೆಗೆದುಕೊಳ್ಳುವಾಗ ಚರ್ಮ ಬೇಗ ಸುಡುತ್ತದೆ. ಅಂಗಳದಲ್ಲಿ ಅಡಿಕೆ ಹರವುವವರು, ದೋಣಿಯಲ್ಲಿ ಹೋಗುವವರು ಆ ವಾರ ಉದ್ದ ತೋಳಿನ ಅಂಗಿ ಹಾಕಿ, ತಲೆಗೆ ಮುಂಡಾಸು ಕಟ್ಟಿ.

ಬಸುರಿಯರಿಗೆ ಡಾಕ್ಸಿಸೈಕ್ಲಿನ್ ಆಗದು. ಅವರಿಗೆ ಅಜಿತ್ರೋಮೈಸಿನ್ ಒಂದು ಗ್ರಾಂ ಒಂದೇ ಸಲ ಕೊಡುತ್ತಾರೆ. ತಿಂಗಳು ತಪ್ಪಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಹೆರಿಗೆಯ ಹೊತ್ತಿಗೆ ಸೋಂಕು ಉಳಿದಿದ್ದರೆ ಮಗುವಿನ ಕಣ್ಣಿಗೂ ಶ್ವಾಸಕೋಶಕ್ಕೂ ತಗಲಬಹುದು.

ಎರಡು ಮೂರು ದಿನದಲ್ಲಿ ಉರಿ ಕಡಿಮೆಯಾದೀತು. ಹಾಗಂತ ಮಾತ್ರೆ ನಿಲ್ಲಿಸಬೇಡಿ. ಉಳಿದದ್ದನ್ನು ಇನ್ನೊಬ್ಬರಿಗೆ ಕೊಡಲೂ ಬೇಡಿ.

ಜೊತೆಗಾರರಿಗೆ ಹೇಳುವುದು

ಕಷ್ಟ ಇರುವುದು ಇಲ್ಲೇ, ಅಲ್ವಾ? ನೀವು ಗುಣವಾಗಿ, ಗಂಡನಿಗೋ ಹೆಂಡತಿಗೋ ಸೋಂಕು ಉಳಿದರೆ ಅದು ಮತ್ತೆ ನಿಮಗೇ ಬರುತ್ತದೆ. ಕಳೆದ 60 ದಿನದಲ್ಲಿ ದೇಹಸಂಪರ್ಕ ಇದ್ದವರಿಗೆಲ್ಲ ಪರೀಕ್ಷೆ, ಚಿಕಿತ್ಸೆ ಆಗಬೇಕು, ಲಕ್ಷಣ ಇಲ್ಲದಿದ್ದರೂ. ಹೆಚ್ಚಿನ ಹೆಂಗಸರಿಗೆ ಏನೂ ಗೊತ್ತಾಗುವುದೇ ಇಲ್ಲ.

ನಮ್ಮ ಕಡೆ ಗಂಡ ಗಲ್ಫಿನಲ್ಲಿ, ಹೆಂಡತಿ ಊರಲ್ಲಿ ಇರುವ ಮನೆಗಳು ಎಷ್ಟಿವೆ! ರಜೆ ಮುಗಿಸಿ ಹೋದ ಮೇಲೆ ಒಬ್ಬರಿಗೆ ಸೋಂಕು ಗೊತ್ತಾದರೆ ಫೋನಿನಲ್ಲೇ ಹೇಳಿಬಿಡಿ. ಅವರು ಅಲ್ಲೇ ಚಿಕಿತ್ಸೆ ಮುಗಿಸಿಕೊಂಡು ಬರಲಿ. ‘ಯಾರಿಂದ ಬಂತು’ ಎಂಬ ಜಗಳಕ್ಕೆ ಪರೀಕ್ಷೆಯ ಕಾಗದ ಉತ್ತರ ಕೊಡುವುದಿಲ್ಲ. ಈ ಸೋಂಕು ತಿಂಗಳುಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಹೇಳಲು ಬಾಯಿ ಬರದಿದ್ದರೆ ಕ್ಲಿನಿಕ್‌ನ ಕೌನ್ಸೆಲರ್ ಸಹಾಯ ಕೇಳಿ.

ಇಬ್ಬರ ಮದ್ದೂ ಮುಗಿಯುವ ತನಕ ದೇಹಸಂಪರ್ಕ ಬೇಡ. ಒಂದೇ ಡೋಸಿನ ಮದ್ದಾದರೆ ನುಂಗಿದ ಮೇಲೆ ಏಳು ದಿನ ಕಾಯಬೇಕು.

ಮತ್ತೆ ಯಾವಾಗ ಪರೀಕ್ಷೆ?

ಮೂರು ತಿಂಗಳಿಗೆ. ಅವಸರ ಮಾಡಿ ನಾಲ್ಕು ವಾರದೊಳಗೆ ಮಾಡಿಸಿದರೆ ಸತ್ತ ಬ್ಯಾಕ್ಟೀರಿಯಾದ ಉಳಿಕೆಯಿಂದಲೇ ಸೋಂಕು ಇದೆ ಎಂದು ಬರಬಹುದು, ಸುಮ್ನೆ ಗಾಬರಿ. ಬಸುರಿಯರು ಮಾತ್ರ ಸುಮಾರು ನಾಲ್ಕು ವಾರಕ್ಕೆ ಒಮ್ಮೆ, ಮೂರು ತಿಂಗಳಿಗೆ ಇನ್ನೊಮ್ಮೆ ಮಾಡಿಸಬೇಕು. ಮಾತ್ರೆ ಮುಗಿದರೂ ಸ್ರಾವ ನಿಲ್ಲದಿದ್ದರೆ ವಾಪಸ್ ಡಾಕ್ಟರ ಹತ್ತಿರ ಹೋಗಿ. ಜ್ವರದ ಜೊತೆ ಕೆಳಹೊಟ್ಟೆ ನೋವು, ಅಥವಾ ವೃಷಣ ಊದಿ ನೋವು ಕಾಣಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.