ರಾಚೆಸ್ಟರ್ ಡೌನ್‌ಟೌನ್ ಕಾಮಗಾರಿಗಳ ಬೆನ್ನು ಹತ್ತಿದ್ದು ಹೀಗೆ

ಫುಟ್‌ಪಾತ್ ಮೇಲೆ ಬಿಳಿ ಸ್ಪ್ರೇ ಬಣ್ಣದ ಒಂದು ಚೌಕ. ಅದರ ಅಂಚನ್ನು ಹಾದು ಹಳದಿ ಗೆರೆ. ನಾಲ್ಕು ಹೆಜ್ಜೆ ಆಚೆ ನೀಲಿ ಬಾಣ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಯೂನಿಯನ್ ಸ್ಟ್ರೀಟ್‌ನಲ್ಲಿ ಹೀಗೆ ಕಂಡರೆ ನಿಂತು ಓದಬೇಕು. ಬಿಳಿ ಎಂದರೆ ಇಲ್ಲಿ ಅಗೆಯುತ್ತೇವೆ ಎಂದು. ಹಳದಿ ಗ್ಯಾಸ್ ಪೈಪು, ನೀಲಿ ಕುಡಿಯುವ ನೀರು, ಕೆಂಪು ಕರೆಂಟು, ಕಿತ್ತಳೆ ಫೋನ್ ಮತ್ತು ಕೇಬಲ್, ಹಸಿರು ಒಳಚರಂಡಿ, ಗುಲಾಬಿ ಸರ್ವೆಯವರ ಗುರುತು. ನ್ಯೂಯಾರ್ಕ್ ರಾಜ್ಯದಲ್ಲಿ ನೆಲ ಅಗೆಯುವವರು 811 ಎಂಬ ಫೋನ್ ಸೇವೆಗೆ ಮೊದಲೇ ತಿಳಿಸಬೇಕು. ಕನಿಷ್ಠ 2, ಹೆಚ್ಚೆಂದರೆ 10 ಕೆಲಸದ ದಿನ ಮುಂಚೆ. ಹಾಗಾಗಿ ಬಣ್ಣ ಹೊಸದಾಗಿದ್ದರೆ ಎರಡು ವಾರದೊಳಗೆ ಅಲ್ಲಿ ಯಂತ್ರ ಬರುತ್ತದೆ ಎಂದು ಬರೆದಿಟ್ಟುಕೊಳ್ಳಬಹುದು.

ಯಾವ ಯಂತ್ರ ಎಂಬುದು ಬೇರೆ ಪ್ರಶ್ನೆ. ರಸ್ತೆಯನ್ನು ಅಡ್ಡ ದಾಟಿ ಉದ್ದಕ್ಕೆ ಬಿಳಿ ಗುರುತು ಹೋಗಿದ್ದರೆ ಯಾವುದೋ ನೀರಿನ ಅಥವಾ ಗ್ಯಾಸ್ ಸಂಪರ್ಕ. ಖಾಲಿ ಸೈಟಿನಲ್ಲಿ ದೂರ ದೂರಕ್ಕೆ ಗೂಟ ಹೊಡೆದು ಬಿ-1, ಬಿ-2 ಎಂದು ಬರೆದಿದ್ದರೆ ಮಣ್ಣು ಪರೀಕ್ಷೆಯ ಬೋರಿಂಗ್. ಬೋರಿಂಗ್ ನೋಡಿ ‘ಕೆಲಸ ಶುರುವಾಯಿತು’ ಎನ್ನುವುದೇ ಹೊಸಬರ ಮೊದಲ ತಪ್ಪು. ಅದು ಜಾಗ ಕೊಳ್ಳುವ ಮೊದಲು ಮಾಡಿಸುವ ಪರೀಕ್ಷೆಯೂ ಆಗಿರಬಹುದು. ಆಮೇಲೆ ಮೂರು ವರ್ಷ ಏನೂ ಆಗದೆ ಇರಬಹುದು. ಆದರೆ ನಿಜವಾದ ಕಟ್ಟಡವಾದರೆ, ಬಿಳಿ ಬಣ್ಣ ಬೀಳುವ ಹೊತ್ತಿಗೆ ಅದರ ಕಥೆ ಕಾಗದದ ಮೇಲೆ ಬಹುಪಾಲು ಮುಗಿದಿರುತ್ತದೆ. ಡೌನ್‌ಟೌನ್ ಕಾಮಗಾರಿಗಳ ಜಾಡು ಹಿಡಿಯಲು ನಾನು ಹೆಚ್ಚಾಗಿ ನೋಡುವುದು ಆ ಕಾಗದಗಳನ್ನೇ.

ಊರಿನ ಅಳತೆ ತಿಳಿಯಲಿ ಎಂದು ಇಷ್ಟು: 1950ರಲ್ಲಿ ಇಲ್ಲಿ 3,32,488 ಜನ, 2020ರ ಗಣತಿಯಲ್ಲಿ 2,11,328. ಪೇಟೆಯ ಸುತ್ತ ಇನ್ನರ್ ಲೂಪ್ ಎಂಬ ಹೆದ್ದಾರಿಯ ಉಂಗುರವನ್ನು ಕಟ್ಟಿ ಮುಗಿಸಿದ್ದು 1965ರಲ್ಲಿ. ಅದರ ಪೂರ್ವ ಭಾಗ ನೆಲಮಟ್ಟದಿಂದ ಕೆಳಗೆ ಕಂದಕದ ಹಾಗೆ ಹರಿಯುತ್ತಿತ್ತು. 2014ರಲ್ಲಿ ಆ ಕಂದಕವನ್ನು ಮಣ್ಣು ತುಂಬಿ ಮುಚ್ಚಲು ಶುರು ಮಾಡಿ 2017ರಲ್ಲಿ ಮುಗಿಸಿದರು. ಅದಕ್ಕೆ ಕೇಂದ್ರ ಸರ್ಕಾರದ ‘ಟೈಗರ್’ ಎಂಬ ಸಾರಿಗೆ ಅನುದಾನ 1.77 ಕೋಟಿ ಡಾಲರ್. ಸುಮಾರು 6 ಎಕರೆ ನೆಲ ಮತ್ತೆ ಊರಿನ ಕೈಗೆ ಬಂತು. ಕಾರುಗಳು ಓಡಾಡುತ್ತಿದ್ದ ಗುಂಡಿಯ ಮೇಲೆ ಈಗ ಜನ ಮನೆ ಮಾಡಿಕೊಂಡಿದ್ದಾರೆ. ಇದಕ್ಕಿಂತ ಒಳ್ಳೆಯ ಸುದ್ದಿ ಈ ಪೇಟೆಗೆ ಐವತ್ತು ವರ್ಷದಲ್ಲಿ ಬಂದಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಜಾಡು ಹಿಡಿಯುವವರು ಮೊದಲು ಮಾಡಬೇಕಾದ್ದು, ಪ್ರತಿ ಜಾಗಕ್ಕೂ ಟಿಪ್ಪಣಿಯ ಒಂದು ಹಾಳೆ. ಅದರ ತಲೆಯಲ್ಲಿ ಯೋಜನೆಯ ಹೆಸರು ಬರೆಯಬೇಡಿ, ಎಸ್‌ಬಿಎಲ್ ನಂಬರ್ ಬರೆಯಿರಿ. ಸೆಕ್ಷನ್, ಬ್ಲಾಕ್, ಲಾಟ್ ಎಂಬ ಮೂರು ತುಂಡಿನ ಈ ತೆರಿಗೆ ಸಂಖ್ಯೆ ನಮ್ಮ ಸರ್ವೆ ನಂಬರ್ ಇದ್ದ ಹಾಗೆ. ಯೋಜನೆಯ ಹೆಸರು ಎರಡು ಮೂರು ಸಲ ಬದಲಾಗುತ್ತದೆ. ಮಾಲೀಕರು ಪ್ರತಿ ಕಟ್ಟಡಕ್ಕೂ ಹೊಸ ಎಲ್‌ಎಲ್‌ಸಿ, ಅಂದರೆ ಬೇರೆ ಹೆಸರಿನ ಕಂಪನಿ, ಮಾಡುತ್ತಾರೆ. ಮೂಲೆ ಸೈಟಾದರೆ ವಿಳಾಸವೂ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗಿಬಿಡುತ್ತದೆ. ನಂಬರ್ ಮಾತ್ರ ಸೈಟು ಒಡೆದಾಗ ಅಥವಾ ಕೂಡಿಸಿದಾಗಷ್ಟೇ ಬದಲಾಗುತ್ತದೆ. ಆಗಲೂ ಹಳೆಯದನ್ನು ಹೊಡೆದುಹಾಕದೆ ಪಕ್ಕದಲ್ಲೇ ಹೊಸದನ್ನು ಬರೆದುಕೊಳ್ಳಬೇಕು. ಲೂಪ್ ಮುಚ್ಚಿದ ನೆಲದಲ್ಲಿ ಒಂದು ತೊಡಕಿದೆ: ರಸ್ತೆಯಾಗಿದ್ದ ಜಾಗಕ್ಕೆ ತೆರಿಗೆ ಖಾತೆ ಇರುವುದಿಲ್ಲ. ಹೊಸ ನಕ್ಷೆ ನೋಂದಣಿಯಾಗುವವರೆಗೆ ಆ ಸೈಟು ಹುಡುಕಾಟದಲ್ಲಿ ಸಿಗುವುದೇ ಇಲ್ಲ.

ನಗರದ ಜಾಗ ಮಾರಬೇಕಾದರೆ ಸಿಟಿ ಕೌನ್ಸಿಲ್ ಒಪ್ಪಬೇಕು. ಸಭೆಯ ಕಡತದಲ್ಲಿ ನಿರ್ಣಯದ ಕರಡಿಗಿಂತ ಅದರ ಜೊತೆ ಮೇಯರ್ ಕಳಿಸುವ ಪತ್ರವನ್ನು ಓದಿ. ಎಷ್ಟು ಮನೆ, ಎಷ್ಟು ಬೆಲೆ, ಯಾರಿಗೆ ಎಂಬುದು ಸರಳ ಭಾಷೆಯಲ್ಲಿ ಅಲ್ಲಿರುತ್ತದೆ. ಪರಿಸರ ಪರಿಶೀಲನೆಯ ಕಾಗದವೂ ಬೆಲೆಯುಳ್ಳದ್ದೇ. ದೊಡ್ಡ ಯೋಜನೆಯಾದರೆ ಉದ್ದನೆಯ ಪ್ರಶ್ನಾವಳಿ ತುಂಬಲೇಬೇಕು. ಅಗೆಯುವ ಮಣ್ಣಿನ ಪ್ರಮಾಣ, ಎತ್ತರ, ಕಾರು ನಿಲ್ಲಿಸುವ ಜಾಗಗಳ ಸಂಖ್ಯೆ, ಎಷ್ಟು ತಿಂಗಳ ಕೆಲಸ, ಎಲ್ಲವನ್ನೂ ಅಂಕಿಯಲ್ಲೇ ಹೇಳಬೇಕಾಗುತ್ತದೆ. ಪತ್ರಿಕೆಗೆ ಕೊಟ್ಟ ಬಣ್ಣದ ಚಿತ್ರದಲ್ಲಿ 12 ಮಹಡಿ ಇದ್ದು ಈ ಪ್ರಶ್ನಾವಳಿಯಲ್ಲಿ 7ರ ಎತ್ತರ ಬರೆದಿದ್ದರೆ, ನಾನು 7 ಎಂದೇ ಬರೆದುಕೊಳ್ಳುತ್ತೇನೆ. ರಾಜ್ಯದ ಪರಿಸರ ಇಲಾಖೆಯ ಪ್ರಕಟಣೆ ಪ್ರತಿ ಬುಧವಾರ ಬರುತ್ತದೆ. ಕಲುಷಿತ ನೆಲ ಶುದ್ಧ ಮಾಡುವ ಬ್ರೌನ್‌ಫೀಲ್ಡ್ ಕಾರ್ಯಕ್ರಮಕ್ಕೆ ಹೊಸದಾಗಿ ಸೇರಿದ ಸೈಟುಗಳೂ ಅದರಲ್ಲೇ ಇರುತ್ತವೆ. ಹಳೆಯ ಪೆಟ್ರೋಲ್ ಬಂಕ್, ಡ್ರೈಕ್ಲೀನಿಂಗ್ ಅಂಗಡಿ ಇದ್ದ ಮೂಲೆಗಳ ಮೇಲೆ ಯಾರ ಕಣ್ಣಿದೆ ಎಂಬುದು ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ಇಲ್ಲಿ.

ಹಳೆಯ ಕಟ್ಟಡಗಳಿಗೆ ಬೇರೆ ಸುಳಿವು. ಯಾವ ಸದ್ದೂ ಇಲ್ಲದ ಒಂದು ಗೋದಾಮಿನ ಹೆಸರು ರಾಷ್ಟ್ರೀಯ ಐತಿಹಾಸಿಕ ಪಟ್ಟಿಗೆ ಸೇರಿಸುವ ಪ್ರಸ್ತಾವದಲ್ಲಿ ಕಂಡರೆ, ಮಾಲೀಕರು ನವೀಕರಣ ವೆಚ್ಚದ 20% ಕೇಂದ್ರ ತೆರಿಗೆ ವಿನಾಯಿತಿಗೆ ದಾರಿ ಮಾಡಿಕೊಳ್ಳುತ್ತಿದ್ದಾರೆ ಎಂದೇ ಸಾಮಾನ್ಯವಾಗಿ ಅರ್ಥ.

ಇಷ್ಟೆಲ್ಲ ಆದರೂ ಇದು ಆಸೆಯ ಹಂತ. ಮಿಡ್‌ಟೌನ್ ಪ್ಲಾಜಾ ಎಂಬ ಹಳೆಯ ಶಾಪಿಂಗ್ ಮಾಲ್ ಕೆಡವಿದ ಮೇಲೆ ಉಳಿದ ‘ಪಾರ್ಸೆಲ್ 5’ ಎಂಬ ಮೈದಾನವನ್ನೇ ನೋಡಿ. 2017ರಲ್ಲಿ ಅಲ್ಲಿ ನಾಟಕಶಾಲೆ ಬರುತ್ತದೆ ಎಂದು ಆಯ್ಕೆಯಾಗಿತ್ತು, ಚಿತ್ರಗಳೂ ಬಂದಿದ್ದವು. ಹಣ ಕೂಡಲಿಲ್ಲ, ಕಟ್ಟಡ ಬರಲಿಲ್ಲ. ಹಣ ಕೂಡಿತೋ ಇಲ್ಲವೋ ಎಂದು ತಿಳಿಯಲು ಎರಡು ಕಡೆ ನೋಡಬೇಕು.

ಒಂದು, ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಕೈಗಾರಿಕಾ ಅಭಿವೃದ್ಧಿ ಏಜೆನ್ಸಿ, ಎಲ್ಲರೂ ಐಡಿಎ ಎನ್ನುವುದು. 1 ಲಕ್ಷ ಡಾಲರ್‌ಗಿಂತ ಹೆಚ್ಚಿನ ನೆರವು ಕೊಡುವ ಮುಂಚೆ ಅದು ಸಾರ್ವಜನಿಕ ವಿಚಾರಣೆ ನಡೆಸಬೇಕು, ಕನಿಷ್ಠ 10 ದಿನ ಮೊದಲು ನೋಟಿಸ್ ಕೊಡಬೇಕು. ಅರ್ಜಿಯಲ್ಲಿ ಜಾಗಕ್ಕೆಷ್ಟು, ಕಟ್ಟೋಣಕ್ಕೆಷ್ಟು, ಸಾಲ ಎಷ್ಟು, ಸ್ವಂತ ಹಣ ಎಷ್ಟು ಎಂದು ಬಿಡಿಬಿಡಿಯಾಗಿ ಇರುತ್ತದೆ. ಸ್ವಂತ ಹಣದ ಸಾಲು ತೆಳುವಾಗಿದ್ದರೆ ಹಾಳೆಯ ಅಂಚಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಳ್ಳುತ್ತೇನೆ. ಒಂದು ಎಚ್ಚರ: ನೆರವು ಮಂಜೂರಾದ ಮೇಲೆ ಆಸ್ತಿಯ ಹಕ್ಕು ಅಥವಾ ಗುತ್ತಿಗೆ ಹೆಸರಿಗೆ ಮಾತ್ರ ಐಡಿಎಗೆ ಹೋಗುತ್ತದೆ. ದಾಖಲೆಯಲ್ಲಿ ಸರ್ಕಾರಿ ಏಜೆನ್ಸಿಯ ಹೆಸರು ಕಂಡು ‘ಖಾಸಗಿಯವರು ಕೈಬಿಟ್ಟರು’ ಎಂದು ತಿಳಿದವರು ಬಹಳ. ಅದು ಉಲ್ಟಾ. ತೆರಿಗೆಯ ಬದಲು ಗೊತ್ತಾದ ಮೊತ್ತ ಕಟ್ಟುವ ಪೈಲಟ್ ಒಪ್ಪಂದ ಶುರುವಾಗಿದೆ ಎಂದು ಅದರ ಅರ್ಥ.

ಎರಡನೆಯದು ಕೌಂಟಿ ಕ್ಲರ್ಕ್ ಕಚೇರಿ. ನಮ್ಮಲ್ಲಿ ಇಸಿ ತೆಗೆಸುವ ಹಾಗೆ ಇಲ್ಲಿಯ ನೋಂದಣಿ ಪುಸ್ತಕ ಯಾರು ಬೇಕಾದರೂ ನೋಡಬಹುದು. ಕಟ್ಟಡ ನಿಜವಾಗುವ ದಿನ ಒಂದೇ ಜಾಗಕ್ಕೆ ಐದಾರು ದಾಖಲೆ ಸಾಲಾಗಿ, ಹತ್ತು ಹದಿನೈದು ನಿಮಿಷದ ಅಂತರದಲ್ಲಿ ಬೀಳುತ್ತವೆ: ಕ್ರಯಪತ್ರ, ಗುತ್ತಿಗೆಯ ಟಿಪ್ಪಣಿ, ಬ್ಯಾಂಕಿನ ಅಡಮಾನ, ಕಡಿಮೆ ಆದಾಯದವರ ಮನೆಗಳಾದರೆ ರಾಜ್ಯದ್ದೊಂದು ನಗರದ್ದೊಂದು ಅಡಮಾನ. ಅವುಗಳ ನಡುವೆ ಹುಡುಕಬೇಕಾದ್ದು ‘ಬಿಲ್ಡಿಂಗ್ ಲೋನ್ ಕಾಂಟ್ರಾಕ್ಟ್’. ನ್ಯೂಯಾರ್ಕ್‌ನ ಲೀನ್ (ಬಾಕಿ ಹಣಕ್ಕೆ ಆಸ್ತಿಯ ಮೇಲೆ ಹಾಕುವ ಹಕ್ಕು) ಕಾನೂನಿನ 22ನೇ ಕಲಮಿನ ಪ್ರಕಾರ ಕಟ್ಟಡ ಸಾಲದ ಕರಾರನ್ನು ಕ್ಲರ್ಕ್ ಕಚೇರಿಗೆ ಸಲ್ಲಿಸಬೇಕು. ಜೊತೆಗೆ ಸಾಲ ಪಡೆದವರು ಪ್ರಮಾಣ ಮಾಡಿದ ಲೆಕ್ಕ ಇರಬೇಕು: ಸಾಲದ ಖರ್ಚು, ಶುಲ್ಕಗಳೆಲ್ಲ ಕಳೆದು ಕಟ್ಟೋಣಕ್ಕೆ ಉಳಿಯುವ ನಿವ್ವಳ ಮೊತ್ತ ಎಷ್ಟು ಎಂದು. ಪತ್ರಿಕಾ ಹೇಳಿಕೆಯ ಮೊತ್ತಕ್ಕೂ ಇದಕ್ಕೂ ತಾಳೆ ನೋಡಿ. ಹೇಳಿಕೆಯಲ್ಲಿ ಜಾಗದ ಬೆಲೆ, ಬಡ್ಡಿ, ವಕೀಲರು, ಎಲ್ಲ ಸೇರಿರುತ್ತದೆ. ಇಟ್ಟಿಗೆ, ಕಬ್ಬಿಣ, ಕೂಲಿಗೆ ಎಷ್ಟು ಹೋಗುತ್ತದೆ ಎಂಬುದನ್ನು ಈ ಹಾಳೆ ಹೇಳುತ್ತದೆ. ಈ ದಾಖಲೆ ಬಿದ್ದ ಮೇಲೆಯೇ ನನ್ನ ಹಾಳೆಯಲ್ಲಿ ‘ಪ್ರಸ್ತಾವ’ ಎಂಬುದನ್ನು ಅಳಿಸಿ ‘ಕಟ್ಟುತ್ತಿದ್ದಾರೆ’ ಎಂದು ಬರೆಯುವುದು. ಅಲ್ಲಿಂದ ಎರಡರಿಂದ ಆರು ವಾರದೊಳಗೆ ಬೇಲಿ, ಯಂತ್ರ, ಬಿಳಿ ಬಣ್ಣ.

ಅದೇ ಪುಸ್ತಕದಲ್ಲಿ ಕೆಟ್ಟ ಸುದ್ದಿಯೂ ಸಿಗುತ್ತದೆ. ಹಣ ಬರದ ಗುತ್ತಿಗೆದಾರರು ಕೊನೆಯ ಕೆಲಸದಿಂದ 8 ತಿಂಗಳೊಳಗೆ ಆಸ್ತಿಯ ಮೇಲೆ ಮೆಕ್ಯಾನಿಕ್ಸ್ ಲೀನ್ ಹಾಕಬಹುದು. ಒಂದೇ ಮನೆಯ ಕಟ್ಟಡಕ್ಕೆ 4 ತಿಂಗಳು. ಒಬ್ಬರೇ ಹಾಕಿದ್ದರೆ ಅದು ಬರೀ ಜಗಳ. ಮಾಲೀಕರು 110% ಮೊತ್ತದ ಬಾಂಡ್ ಕೊಟ್ಟು ಬಿಡಿಸಿಕೊಂಡು ಮುಂದೆ ಹೋಗುತ್ತಾರೆ. ಒಂದೇ ತಿಂಗಳಲ್ಲಿ ಪ್ಲಂಬಿಂಗ್, ವಿದ್ಯುತ್, ಗಾರೆ ಕೆಲಸದ ಮೂವರೂ ಹಾಕಿದ್ದರೆ ಮೇಲಿನಿಂದ ಹಣವೇ ಇಳಿಯುತ್ತಿಲ್ಲ ಎಂದು ತಿಳಿಯಬೇಕು. ಬೇಲಿ ಹಾಗೇ ಇದ್ದು ಒಳಗೆ ಹುಲ್ಲು ಬೆಳೆದ ಸೈಟುಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಎತ್ತರದ ಕಟ್ಟಡವಾದರೆ ಇನ್ನೊಂದು ಮೂಲ ಇದೆ. ನೆಲದಿಂದ 200 ಅಡಿ ಮೀರುವ ಕಟ್ಟಡಕ್ಕೂ ಕ್ರೇನಿಗೂ ವಿಮಾನಯಾನ ಇಲಾಖೆಗೆ 7460-1 ಫಾರಂ ಕೊಡಬೇಕು, ಅದೂ ಕೆಲಸಕ್ಕೆ 45 ದಿನ ಮೊದಲು. ಕಟ್ಟಡದ ಅರ್ಜಿ ಬಂದು ಕ್ರೇನಿನದು ಬರದಿದ್ದರೆ ಇನ್ನೂ ಕಾಯಬೇಕು. ಕ್ರೇನಿನ ಅರ್ಜಿ ಬಂದರೆ ಗುತ್ತಿಗೆದಾರರು ನಿಗದಿಯಾಗಿದ್ದಾರೆ ಎಂದು ಹೇಳಬಹುದು. ಸಿಕ್ಕ ಒಪ್ಪಿಗೆ 18 ತಿಂಗಳಿಗೆ ತೀರುತ್ತದೆ. ವಿಸ್ತರಣೆ ಕೇಳಿದ್ದಾರೋ ಇಲ್ಲವೋ ಎಂಬುದೂ ಒಂದು ಮಾಹಿತಿಯೇ.

ಇನ್ನು ನೆಲದ ಮೇಲೆ. ಕೆಡವುವ ಮೊದಲು ಆಸ್ಬೆಸ್ಟಾಸ್ ಸಮೀಕ್ಷೆ ಕಡ್ಡಾಯ. 160 ಚದರಡಿ ಅಥವಾ 260 ಅಡಿ ಪೈಪಿನಷ್ಟು ಇದ್ದರೆ ದೊಡ್ಡ ಕೆಲಸ ಎಂದು ಲೆಕ್ಕ, 10 ದಿನ ಮೊದಲು ರಾಜ್ಯಕ್ಕೆ ತಿಳಿಸಬೇಕು. ಕಿಟಕಿಗಳಿಗೆ ಒಳಗಿನಿಂದ ಪ್ಲಾಸ್ಟಿಕ್ ಹಾಳೆ ಬಿಗಿದು ತಿಂಗಳುಗಟ್ಟಲೆ ಏನೂ ನಡೆಯುತ್ತಿಲ್ಲ ಎಂದು ಕಂಡರೆ ಈ ಕೆಲಸವೇ ನಡೆಯುತ್ತಿರುತ್ತದೆ. 1962ರಲ್ಲಿ ತೆರೆದು 2008ರಲ್ಲಿ ಮುಚ್ಚಿದ ಮಿಡ್‌ಟೌನ್‌ನಲ್ಲಿ ಹೀಗೇ ಆಯಿತು. ಅಲ್ಲಿಯ ಗೋಪುರವನ್ನು ಉಕ್ಕಿನ ಅಸ್ಥಿಪಂಜರದವರೆಗೆ ಬೋಳಿಸಿ ವರ್ಷಗಟ್ಟಲೆ ಹಾಗೇ ನಿಲ್ಲಿಸಿದ್ದರು. ಕೊನೆಗೆ 2016ರಲ್ಲಿ ಅದು ‘ಟವರ್ 280’ ಎಂಬ ಮನೆ ಮತ್ತು ಕಚೇರಿಗಳ ಕಟ್ಟಡವಾಗಿ ತೆರೆಯಿತು.

ಲೂಪ್ ಮೇಲೆ ಎದ್ದಂಥ ನಾಲ್ಕೈದು ಮಹಡಿಯ ಮನೆಗಳ ಕಟ್ಟಡಗಳಲ್ಲಿ ಬಹಳಷ್ಟು ಮರದ ಚೌಕಟ್ಟಿನವು. ಕೆಲವಕ್ಕೆ ಕೆಳಗೊಂದು ಕಾಂಕ್ರೀಟ್ ಮಹಡಿ ಇರುತ್ತದೆ. ಆ ಕಾಂಕ್ರೀಟ್ ಸ್ಲ್ಯಾಬ್, ನಮ್ಮ ಕಡೆ ಮೋಲ್ಡು ಹಾಕುವುದು ಎನ್ನುತ್ತೇವಲ್ಲ, ಅದೇ ಬೆಂಕಿ ತಡೆಯುವ 3 ಗಂಟೆಯ ಗೋಡೆಯ ಹಾಗೆ ಕೆಲಸ ಮಾಡುತ್ತದೆ. ತಳಪಾಯ ಹಿಮ ಇಳಿಯದ ಆಳಕ್ಕೆ, ಅಂದರೆ ಸುಮಾರು 4 ಅಡಿ ಹೋಗಬೇಕು. ತಳಪಾಯಕ್ಕೂ ಮೋಲ್ಡಿಗೂ ಹೆಚ್ಚು ಸಮಯ ಹಿಡಿಯುತ್ತದೆ. ಅದಾದ ಮೇಲೆ ಮರದ ಮಹಡಿಗಳು ತಲಾ ಎರಡು ಮೂರು ವಾರಕ್ಕೆ ಏಳುತ್ತವೆ. ನೋಡುವವರು ಇಲ್ಲೇ ಮೋಸ ಹೋಗುವುದು: ನಾಲ್ಕು ತಿಂಗಳು ಏನೂ ಕಾಣಲಿಲ್ಲ, ಎರಡು ತಿಂಗಳಲ್ಲಿ ಕಟ್ಟಡ ಎದ್ದಿತು, ಹಾಗಾದರೆ ಇನ್ನೆರಡು ತಿಂಗಳಿಗೆ ಮುಗಿಯುತ್ತದೆ ಎಂದು. ಚೌಕಟ್ಟು ಮುಗಿದಾಗ ಕೆಲಸ ಅರ್ಧವೂ ಆಗಿರುವುದಿಲ್ಲ. ಜಿಪ್ಸಂ ಹಲಗೆಯ ಕಟ್ಟುಗಳನ್ನು ಕಿಟಕಿಯ ಮೂಲಕ ಒಳಗೆ ಏರಿಸುವ ದಿನವನ್ನು ಬರೆದುಕೊಳ್ಳಿ. ಛಾವಣಿ, ಕಿಟಕಿ ಮುಚ್ಚಿ ಮಳೆ ಒಳಗೆ ಬರದ ಹಾಗಾದ ಮೇಲೆಯೇ ಅದನ್ನು ತರುತ್ತಾರೆ. ಅಲ್ಲಿಂದ ಲೆಕ್ಕ ಹಾಕಿದರೆ ಮುಗಿಯುವ ದಿನಾಂಕ ಹೆಚ್ಚು ತಪ್ಪುವುದಿಲ್ಲ.

ತಪ್ಪುವುದು ಎರಡು ಕಾರಣಕ್ಕೆ. ವಿದ್ಯುತ್ ಸ್ವಿಚ್‌ಗೇರ್ ಮತ್ತು ಟ್ರಾನ್ಸ್‌ಫಾರ್ಮರ್ ಆರ್ಡರ್ ಮಾಡಿ ಒಂದು ವರ್ಷಕ್ಕೂ ಮೀರಿ ಕಾಯಬೇಕಾದೀತು. ಕಟ್ಟಡದ ಪಕ್ಕ ಕಾಂಕ್ರೀಟ್ ಪೀಠ ಖಾಲಿ ಕುಳಿತಿದ್ದರೆ ಅದೇ ಕಾರಣ. ಇನ್ನೊಂದು ಚಳಿಗಾಲ. ಡಾಂಬರು ತಯಾರಿಸುವ ಘಟಕಗಳು ಚಳಿಗಾಲದಲ್ಲಿ ಮುಚ್ಚಿರುತ್ತವೆ. ನವೆಂಬರ್‌ನೊಳಗೆ ರಸ್ತೆ, ಪಾರ್ಕಿಂಗ್‌ನ ಮೇಲ್ಪದರ ಬೀಳದಿದ್ದರೆ ವಸಂತದವರೆಗೆ ಕಾಯಬೇಕು. ಆಗ ತಾತ್ಕಾಲಿಕ ವಾಸ ಪ್ರಮಾಣಪತ್ರದ ಮೇಲೆ ಕೆಳಗಿನ ಮಹಡಿಗಳಿಗೆ ಜನ ಬರುತ್ತಾರೆ, ಅಂತಿಮ ಪ್ರಮಾಣಪತ್ರ ತಿಂಗಳುಗಳ ನಂತರ. ಇವೆರಡಕ್ಕೂ ನನ್ನ ಹಾಳೆಯಲ್ಲಿ ಬೇರೆ ಬೇರೆ ಕಾಲಮ್ಮು.

ಫೋಟೊಕ್ಕೆ ನಿಯಮ ಒಂದೇ: ಅದೇ ಜಾಗ, ಅದೇ ಲೆನ್ಸ್, ತಿಂಗಳಿಗೊಮ್ಮೆ. ಈಸ್ಟ್ ಅವೆನ್ಯೂ ಮತ್ತು ಯೂನಿಯನ್ ಸ್ಟ್ರೀಟ್ ಕೂಡುವಲ್ಲಿ ಫುಟ್‌ಪಾತ್‌ನ ಒಂದು ನಿರ್ದಿಷ್ಟ ಕಾಂಕ್ರೀಟ್ ಚಪ್ಪಡಿಯ ಮೇಲೆ ನಿಂತು ತೆಗೆಯುತ್ತೇನೆ. ಬೇಲಿಯೊಳಗೆ ಕಾಲಿಡುವುದಿಲ್ಲ. ಕಡತದ ಹೆಸರು ದಿನಾಂಕದಿಂದ ಶುರುವಾಗಬೇಕು, ಆಮೇಲೆ ಎಸ್‌ಬಿಎಲ್, ಆಮೇಲೆ ದಿಕ್ಕು.

ಈಗ ಗಮನ ಲೂಪಿನ ಉತ್ತರ ಭಾಗದ ಮೇಲೆ. ಅದನ್ನು ತೆಗೆಯಲು ರಾಜ್ಯ 2022ರಲ್ಲಿ 10 ಕೋಟಿ ಡಾಲರ್ ಘೋಷಿಸಿತು. ಇಲ್ಲಿ ‘ಮೊದಲು’ ಎಂಬ ಫೋಟೊ ಮೊದಲೇ ತೆಗೆದಿರಬೇಕು, ಆಮೇಲೆ ಸಿಗುವುದಿಲ್ಲ. ಹೆದ್ದಾರಿಯ ಮೇಲೆ ಹಾದುಹೋಗುವ ಸೇತುವೆಗಳಿಂದ ತೆಗೆದರೆ ನೋಟ ಚೆನ್ನ, ಆದರೆ ಕಂದಕ ತುಂಬಿದಾಗ ಸೇತುವೆಯೇ ಇರುವುದಿಲ್ಲ, ನಿಂತ ಜಾಗ ಗುರುತು ಸಿಗುವುದಿಲ್ಲ. ಅದಕ್ಕೆ ಸೇತುವೆಯಿಂದ ಒಂದು, ಸೇತುವೆ ನೆಲ ಮುಟ್ಟುವ ಮೂಲೆಯಿಂದ ಒಂದು, ಎರಡರಲ್ಲೂ ಚೌಕಟ್ಟಿನ ಒಂದು ಅಂಚಿಗೆ ಕೊಡಾಕ್ ಟವರ್ ಬರುವ ಹಾಗೆ ತೆಗೆದಿಡುತ್ತಿದ್ದೇನೆ.