ಮದ್ಯ ಮತ್ತು ಜಠರ: ನೋವು ಬರುವ ಮೊದಲೇ ಗಮನಿಸಬೇಕಾದದ್ದು

ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್ 1822ರಲ್ಲಿ ಗುಂಡೇಟು ತಿಂದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತನಿಗೆ ಚಿಕಿತ್ಸೆ ನೀಡಿದರು. ಗಾಯ ಮಾಗಿದರೂ ಜಠರಕ್ಕೆ ಬಿದ್ದ ತೂತು ಮುಚ್ಚಿಕೊಳ್ಳಲಿಲ್ಲ. ಅದರ ಮೂಲಕ ಅವರು ವರ್ಷಗಟ್ಟಲೆ ಜಠರದ ಒಳಗನ್ನು ಕಣ್ಣಾರೆ ನೋಡಿ, 1833ರಲ್ಲಿ ಎಲ್ಲವನ್ನೂ ಪ್ರಕಟಿಸಿದರು. ಆತ ಕೆಲವು ದಿನ ಬಿಡದೆ ಕುಡಿದಾಗ ಒಳಪದರ ಕೆಂಪೇರಿ, ಅಲ್ಲಲ್ಲಿ ಹುಣ್ಣಿನಂತಹ ಕಲೆಗಳು ಎದ್ದಿದ್ದವು. ಆದರೆ ಆತನಿಗೆ ಹೇಳಿಕೊಳ್ಳುವಂತಹ ನೋವೇನೂ ಇರಲಿಲ್ಲ. ‘ನನಗೇನೂ ಆಗುತ್ತಿಲ್ಲ’ ಎಂಬ ಅನಿಸಿಕೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಾರದು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ತಿಳಿದಿಲ್ಲ.

ಜಠರದ ಆಮ್ಲ ಮಾಂಸವನ್ನೇ ಕರಗಿಸಬಲ್ಲದು. ಅದು ಜಠರವನ್ನೇ ಸುಡದಂತೆ ತಡೆಯುವುದು ಗೋಡೆಯ ಮೇಲಿನ ತೆಳುವಾದ ಲೋಳೆಯ ಪದರ ಮತ್ತು ಅದರೊಳಗಿನ ಕ್ಷಾರ. ಮದ್ಯ ಈ ಕಾಪನ್ನು ಸಡಿಲಗೊಳಿಸುತ್ತದೆ. ಬಿಯರ್, ವೈನ್‌ನಂತಹವು ಆಮ್ಲ ಸುರಿಯುವುದನ್ನೇ ಹೆಚ್ಚಿಸಿದರೆ, ವಿಸ್ಕಿ, ರಮ್ಮಿನಂತಹ ಗಡಸು ಮದ್ಯ ಒಳಪದರವನ್ನು ನೇರವಾಗಿ ಕೆರಳಿಸುತ್ತದೆ. ಅನ್ನನಾಳದ ಕೆಳತುದಿಯ ಬಿಗಿಯೂ ಸಡಿಲವಾಗುವುದರಿಂದ ಆಮ್ಲ ಮೇಲಕ್ಕೆ ನುಗ್ಗಿ, ಎದೆಯುರಿ, ಹುಳಿತೇಗು ಕಾಣಿಸಿಕೊಳ್ಳುತ್ತವೆ.

ಕುಡಿಯುವವರು ಮೊದಲು ಮಾಡಬೇಕಾದ ಕೆಲಸ ಲೆಕ್ಕ. ಎಷ್ಟು ಮಿಲಿಲೀಟರ್ ಎಂಬುದನ್ನು ಬಾಟಲಿಯ ಮೇಲಿನ ಶೇಕಡಾ ಪ್ರಮಾಣದಿಂದ ಗುಣಿಸಿ ನೂರರಿಂದ ಭಾಗಿಸಿದರೆ ಒಳಹೋದ ಆಲ್ಕೋಹಾಲ್ ಸಿಗುತ್ತದೆ. ಶೇ. 5ರ ಅರ್ಧ ಲೀಟರ್ ಬಿಯರಿನಲ್ಲಿ 25 ಮಿ.ಲೀ., ಶೇ. 40ರ 60 ಮಿ.ಲೀ. ವಿಸ್ಕಿಯಲ್ಲಿ 24 ಮಿ.ಲೀ. ‘ಬಿಯರ್ ತಾನೇ’ ಎನ್ನುವ ಮಾತು ಇಲ್ಲಿಗೆ ಮುಗಿಯಿತು. ಇಂತಿಷ್ಟು ಕುಡಿದರೆ ಆರೋಗ್ಯಕ್ಕೆ ಅಪಾಯವಿಲ್ಲ ಎನ್ನುವ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಲೆಕ್ಕ ಇಡುವುದು ಕಡಿಮೆ ಮಾಡುವುದಕ್ಕೇ ಹೊರತು ಸಮಾಧಾನಕ್ಕಲ್ಲ.

ಖಾಲಿ ಹೊಟ್ಟೆಯಲ್ಲಿ ಕುಡಿಯಬೇಡಿ. ಊಟವಾಗಿದ್ದರೆ ಮದ್ಯ ಜಠರದಲ್ಲೇ ಹೆಚ್ಚು ಹೊತ್ತು ನಿಂತು, ಅದನ್ನು ಬಹುಪಾಲು ಹೀರಿಕೊಳ್ಳುವ ಸಣ್ಣಕರುಳಿಗೆ ನಿಧಾನವಾಗಿ ಇಳಿಯುತ್ತದೆ; ಅಮಲೂ ಮೆಲ್ಲಗೆ ಏರುತ್ತದೆ. ಮೊದಲೇ ಒಂದು ಲೋಟ ಹಾಲು ಕುಡಿದರೆ ಒಳಗೆ ಲೇಪ ಕೂರುತ್ತದೆ ಎಂಬುದು ಮಾತ್ರ ಬರೀ ನಂಬಿಕೆ. ಕುಡಿದ ಕೂಡಲೇ ಮಲಗುವುದೂ ಎದೆಯುರಿಗೆ ದಾರಿ.

ಮರುದಿನದ ತಲೆನೋವಿಗೆ ಕೈ ಹೋಗುವುದು ಮಾತ್ರೆಯ ಕಡೆಗೆ, ಮತ್ತು ನನ್ನ ಎಣಿಕೆಯಲ್ಲಿ ಜನ ಅತಿ ಹೆಚ್ಚು ಎಡವುವುದು ಇಲ್ಲಿಯೇ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಇವು ಮೂರೂ ಜಠರದ ಲೋಳೆಯ ಕಾಪನ್ನು ಕುಗ್ಗಿಸುವ ಔಷಧಗಳು. ಮದ್ಯದ ಜೊತೆಗೆ ಅಥವಾ ಅದರ ಬೆನ್ನಿಗೇ ನುಂಗಿದರೆ ಹುಣ್ಣಾಗಿ ರಕ್ತ ಸೋರುವ ಅಪಾಯ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಜಠರಕ್ಕೆ ಸೌಮ್ಯವಾದರೂ, ನಿತ್ಯ ಹೆಚ್ಚು ಕುಡಿಯುವವರ ಯಕೃತ್ತಿಗೆ ಅದು ಹೊರೆ. ಗ್ಯಾಸ್ಟ್ರಿಕ್ ಮಾತ್ರೆಯನ್ನು ‘ಮುಂಜಾಗ್ರತೆ’ ಎಂದು ನುಂಗಿ ಗ್ಲಾಸು ಹಿಡಿಯುವವರಿಗೆ ಒಂದು ಮಾತು: ಆ ಮಾತ್ರೆ ತಗ್ಗಿಸುವುದು ಆಮ್ಲವನ್ನು, ಮದ್ಯವನ್ನಲ್ಲ.

ಕೆಲವು ಲಕ್ಷಣಗಳು ಕಂಡಾಗ ಕಾಯುವಂತಿಲ್ಲ. ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂತಹ ಕಪ್ಪು ಕಣಗಳು ಕಂಡರೆ, ಮಲ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಎಂದಿಲ್ಲದ ದುರ್ವಾಸನೆಯಿಂದ ಕೂಡಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದ್ದರಿಂದ ಅದನ್ನು ಸೇವಿಸುತ್ತಿದ್ದರೆ ವೈದ್ಯರಿಗೆ ಹೇಳಿ. ಮೇಲಿಂದ ಮೇಲೆ ಬಲವಾಗಿ ವಾಂತಿಯಾದಾಗ ಅನ್ನನಾಳ ಜಠರವನ್ನು ಕೂಡುವಲ್ಲಿ ಸೀಳು ಬಿಟ್ಟು ರಕ್ತ ಬರುವುದುಂಟು. ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ತೀವ್ರ ನೋವು ಮೇದೋಜೀರಕ ಗ್ರಂಥಿಯ ಉರಿಯೂತದ್ದಾಗಿರಬಹುದು.

ವಾರಗಟ್ಟಲೆ ಉರಿ ಹೋಗದಿದ್ದರೆ ಎಲ್ಲವನ್ನೂ ಮದ್ಯದ ತಲೆಗೇ ಕಟ್ಟಬೇಡಿ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಹುಣ್ಣಿಗೆ ಮುಖ್ಯ ಕಾರಣಗಳಲ್ಲೊಂದು. ಉಸಿರು ಅಥವಾ ಮಲದ ಪರೀಕ್ಷೆಯಿಂದ, ಇಲ್ಲವೇ ಎಂಡೋಸ್ಕೋಪಿಯಿಂದ ಅದು ತಿಳಿಯುತ್ತದೆ. ವೈದ್ಯರು ಕೇಳಿದಾಗ ಕುಡಿತದ ಪ್ರಮಾಣವನ್ನು ಮುಚ್ಚಿಡದೆ ಹೇಳಿ.

ಒಳಪದರದ ಮೇಲ್ಮೈ ಜೀವಕೋಶಗಳು ಕೆಲವೇ ದಿನಗಳಲ್ಲಿ ಹೊಸದಾಗುವುದರಿಂದ, ಕುಡಿತ ನಿಲ್ಲಿಸಿದರೆ ಸಾಮಾನ್ಯ ಕೆರಳಿಕೆ ಬೇಗನೆ ತಗ್ಗುತ್ತದೆ. ಆಳವಾದ ಹುಣ್ಣಿಗೆ ವಾರಗಳೇ ಬೇಕು. ಆದರೆ ವರ್ಷಗಳಿಂದ ದಿನವೂ ಹೆಚ್ಚು ಕುಡಿಯುತ್ತಿದ್ದವರು ಇದನ್ನೋದಿ ಈ ರಾತ್ರಿಯೇ ಒಮ್ಮೆಗೇ ಬಿಡಲು ಹೋಗಬಾರದು. ಅಂಥವರಿಗೆ ನಡುಕ, ಬೆವರು, ಗೊಂದಲ, ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಬಿಡುವ ದಿನವನ್ನು ವೈದ್ಯರೊಂದಿಗೆ ಕುಳಿತು ಗೊತ್ತುಮಾಡಿಕೊಳ್ಳಿ.