ಅಣ್ವಸ್ತ್ರಗಳ ವಿರುದ್ಧ ನಗರವೊಂದು ಮಾತನಾಡುವುದು ಹೇಗೆ: ಸ್ಥಳೀಯ ಶಾಂತಿ ಕಾರ್ಯಕ್ರಮಗಳಿಗೊಂದು ಕೈಪಿಡಿ

ಅಣ್ವಸ್ತ್ರಗಳ ಬಗ್ಗೆ ನಗರಾಡಳಿತ ಏನಾದರೂ ಮಾಡಬೇಕೆಂದು ಯಾರಾದರೂ ಪ್ರಸ್ತಾಪಿಸಿದ ಕೂಡಲೇ ಸಭೆಯಲ್ಲಿ ಏಳುವ ಮೊದಲ ಆಕ್ಷೇಪ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ರಸ್ತೆ, ನೀರು, ಕಸ ನೋಡಿಕೊಳ್ಳಬೇಕಾದ ಪಾಲಿಕೆಗೆ ವಿದೇಶಾಂಗ ನೀತಿಯ ಉಸಾಬರಿ ಏಕೆ? ಈ ಪ್ರಶ್ನೆಗೆ ಉತ್ತರ ಸಿದ್ಧಪಡಿಸಿಕೊಳ್ಳದೆ ಕಾರ್ಯಕ್ರಮದ ತಯಾರಿಗೆ ಇಳಿಯಬಾರದು. ಯುದ್ಧದಲ್ಲಿ ಇದುವರೆಗೆ ಬಳಕೆಯಾದ ಎರಡೂ ಅಣುಬಾಂಬುಗಳು ಬಿದ್ದದ್ದು ನಗರಗಳ ಮೇಲೆ. 1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಹಿರೋಶಿಮಾ, ಆಗಸ್ಟ್ 9ರ ಬೆಳಿಗ್ಗೆ 11.02ಕ್ಕೆ ನಾಗಸಾಕಿ ಸುಟ್ಟುಹೋದವು. ಆ ವರ್ಷ ಮುಗಿಯುವಷ್ಟರಲ್ಲಿ ಮೊದಲನೆಯ ನಗರದಲ್ಲಿ ಸುಮಾರು 1,40,000, ಎರಡನೆಯದರಲ್ಲಿ ಸುಮಾರು 74,000 ಜನ ಸತ್ತಿದ್ದರು. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ಉಲ್ಲೇಖಿಸುವ ಲೆಕ್ಕದಂತೆ ಹಿರೋಶಿಮಾದ ಸುಮಾರು 300 ವೈದ್ಯರ ಪೈಕಿ 270 ಮಂದಿ ಮತ್ತು 1,780 ದಾದಿಯರ ಪೈಕಿ 1,654 ಮಂದಿ ಸತ್ತರು ಅಥವಾ ಗಾಯಗೊಂಡರು. ಬೆಂಕಿ ಆರಿಸುವ ದಳ, ಆಸ್ಪತ್ರೆ, ಕುಡಿಯುವ ನೀರಿನ ಕೊಳವೆ, ಹೆಣಗಳ ವಿಲೇವಾರಿ ಇವೆಲ್ಲವೂ ನಗರಾಡಳಿತದ ಕೆಲಸಗಳೇ ಆಗಿರುವಾಗ, ಇವೆಲ್ಲವನ್ನೂ ಒಂದೇ ಕ್ಷಣದಲ್ಲಿ ಇಲ್ಲವಾಗಿಸುವ ಅಸ್ತ್ರದ ಬಗ್ಗೆ ಪಾಲಿಕೆ ಮಾತನಾಡುವುದು ಉಸಾಬರಿಯಲ್ಲ, ತನ್ನ ಹೊಣೆಯ ಪಟ್ಟಿಯನ್ನು ಪೂರ್ತಿ ಓದುವುದು.

ಇದೇ ತರ್ಕದ ಮೇಲೆ 1982ರ ಜೂನ್‌ನಲ್ಲಿ, ನಿಶ್ಶಸ್ತ್ರೀಕರಣ ಕುರಿತ ವಿಶ್ವಸಂಸ್ಥೆಯ ವಿಶೇಷ ಅಧಿವೇಶನದಲ್ಲಿ, ಹಿರೋಶಿಮಾದ ಅಂದಿನ ಮೇಯರ್ ತಕೇಶಿ ಅರಾಕಿ ನಗರಗಳು ಗಡಿ ದಾಟಿ ಕೈಜೋಡಿಸಬೇಕೆಂದು ಕರೆ ಕೊಟ್ಟರು. ಅದರಿಂದ ಹುಟ್ಟಿದ ‘ಮೇಯರ್ಸ್ ಫಾರ್ ಪೀಸ್’ ಜಾಲದಲ್ಲಿ ಇಂದು 160ಕ್ಕೂ ಹೆಚ್ಚು ದೇಶ ಮತ್ತು ಪ್ರದೇಶಗಳ 8,000ಕ್ಕೂ ಹೆಚ್ಚು ನಗರಗಳಿವೆ.

ಮೊದಲು ನಿರ್ಣಯ, ಆಮೇಲೆ ವೇದಿಕೆ

ಸಂಘಟಕರು ಹೆಚ್ಚಾಗಿ ಮಾಡುವ ತಪ್ಪೆಂದರೆ ಮೊದಲು ಸಭಾಂಗಣ ಗೊತ್ತುಮಾಡಿ, ಅತಿಥಿಗಳನ್ನು ಕರೆದು, ಕೊನೆಗೆ ಸಮಯ ಉಳಿದರೆ ಪಾಲಿಕೆಯಿಂದ ಒಂದು ಸಂದೇಶ ತರಿಸಿಕೊಳ್ಳುವುದು. ಕ್ರಮ ತಿರುಗುಮುರುಗಾಗಬೇಕು. ಪಾಲಿಕೆಯ ಸಭೆಯಲ್ಲಿ ಅಂಗೀಕಾರವಾಗಿ ನಡವಳಿ ಪುಸ್ತಕ ಸೇರಿದ ಒಂದು ನಿರ್ಣಯವಿದ್ದರೆ ಕಾರ್ಯಕ್ರಮ ಆ ನಿರ್ಣಯದ ಜಾರಿಯಾಗುತ್ತದೆ. ಅದಿಲ್ಲದಿದ್ದರೆ ಮೇಯರ್ ಬದಲಾದ ವರ್ಷವೇ ಕಾರ್ಯಕ್ರಮವೂ ಮುಗಿಯುತ್ತದೆ.

ನಿರ್ಣಯದಲ್ಲಿ ಏನಿರಬೇಕೆಂಬುದಕ್ಕೆ ಮಾದರಿಗಳಿಗೆ ಕೊರತೆಯಿಲ್ಲ. ಜಪಾನಿನ ಕೋಬೆ ನಗರಸಭೆ 1975ರ ಮಾರ್ಚ್ 18ರಂದು ಅಂಗೀಕರಿಸಿದ ನಿರ್ಣಯದ ಬಲದಿಂದ, ತನ್ನ ಬಂದರಿಗೆ ಬರುವ ವಿದೇಶಿ ಯುದ್ಧನೌಕೆಗಳು ತಮ್ಮಲ್ಲಿ ಅಣ್ವಸ್ತ್ರವಿಲ್ಲವೆಂದು ಲಿಖಿತ ಪ್ರಮಾಣ ನೀಡಬೇಕೆಂದು ಆ ನಗರ ಕೇಳತೊಡಗಿತು. ವಿದೇಶಾಂಗ ನೀತಿಯ ಒಂದಕ್ಷರವನ್ನೂ ಮುಟ್ಟದೆ, ಬಂದರಿನ ಆಡಳಿತವೆಂಬ ತನ್ನ ಸ್ವಂತ ಅಧಿಕಾರವನ್ನೇ ಅದು ಬಳಸಿಕೊಂಡ ಜಾಣ್ಮೆ ಗಮನಾರ್ಹ. ಬ್ರಿಟನ್ನಿನ ಮ್ಯಾಂಚೆಸ್ಟರ್ 1980ರಲ್ಲಿ ತನ್ನನ್ನು ಅಣ್ವಸ್ತ್ರಮುಕ್ತ ವಲಯವೆಂದು ಘೋಷಿಸಿಕೊಂಡಿತು. ನ್ಯೂಯಾರ್ಕ್ ನಗರ ಮಂಡಳಿಯಂತೂ 2021ರ ಡಿಸೆಂಬರ್‌ನಲ್ಲಿ, ನಗರ ನೌಕರರ ಪಿಂಚಣಿ ನಿಧಿಯ ಹಣವನ್ನು ಅಣ್ವಸ್ತ್ರ ತಯಾರಿಕೆಯ ಕಂಪನಿಗಳಿಂದ ಹಿಂತೆಗೆಯುವಂತೆ ಕೋರುವ ನಿರ್ಣಯ ಮಾಡಿತು. ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ತಮ್ಮ ದೇಶ ಸಹಿ ಹಾಕಲೆಂದು ನಗರಗಳು ಒತ್ತಾಯಿಸುವ ‘ನಗರಗಳ ಮನವಿ’ಯನ್ನು ಅಣ್ವಸ್ತ್ರ ನಿರ್ಮೂಲನೆಯ ಅಂತರರಾಷ್ಟ್ರೀಯ ಅಭಿಯಾನವಾದ ಐಕ್ಯಾನ್ (ICAN) ಸಂಘಟನೆ 2018ರಲ್ಲಿ ಆರಂಭಿಸಿತು, ಪ್ಯಾರಿಸ್, ವಾಷಿಂಗ್ಟನ್‌ನಂಥ ಅಣ್ವಸ್ತ್ರಧಾರಿ ರಾಷ್ಟ್ರಗಳ ರಾಜಧಾನಿಗಳೂ ಅದಕ್ಕೆ ಸೇರಿವೆ. ಆ ಒಪ್ಪಂದವನ್ನು 2017ರ ಜುಲೈ 7ರಂದು 122 ರಾಷ್ಟ್ರಗಳು ಅಂಗೀಕರಿಸಿದವು, 2021ರ ಜನವರಿ 22ರಿಂದ ಅದು ಜಾರಿಯಲ್ಲಿದೆ.

ಮೊದಲ ಸಲ ಪ್ರಯತ್ನಿಸುವವರಿಗೆ ನನ್ನ ಸಲಹೆ ಇಷ್ಟೇ: ಕರಡು ಒಂದು ಪುಟ ಮೀರದಿರಲಿ, ಯಾವ ದೇಶವನ್ನೂ ಹೆಸರಿಸಿ ಖಂಡಿಸದಿರಲಿ, ಪಾಲಿಕೆ ಪ್ರತಿವರ್ಷ ಒಂದು ನಿಗದಿತ ದಿನ ಸಾರ್ವಜನಿಕ ಆಚರಣೆ ನಡೆಸತಕ್ಕದ್ದು ಎಂಬ ವಾಕ್ಯ ಅದರಲ್ಲಿ ಖಂಡಿತ ಇರಲಿ. ವಿರೋಧ ಪಕ್ಷದ ಒಬ್ಬ ಸದಸ್ಯರಾದರೂ ಅನುಮೋದಕರಾಗಿ ಸಹಿ ಹಾಕುವಂತೆ ನೋಡಿಕೊಳ್ಳುವುದು ಸಭೆಗೆ ಮುಂಚಿನ ಎರಡು ವಾರಗಳ ಕೆಲಸ. ಒಂದು ಪಕ್ಷದ ನಿರ್ಣಯವೆನಿಸಿಕೊಂಡದ್ದು ಮುಂದಿನ ಚುನಾವಣೆಯವರೆಗೆ ಮಾತ್ರ ಬದುಕುತ್ತದೆ.

ದಿನದ ಆಯ್ಕೆ

ಆಗಸ್ಟ್ 6 ಎಲ್ಲರಿಗೂ ಗೊತ್ತಿರುವ ದಿನ. ಆದರೆ ಅದೊಂದೇ ಅಲ್ಲ. ಅಣ್ವಸ್ತ್ರಗಳ ಬೆದರಿಕೆ ಮತ್ತು ಬಳಕೆಯ ಕಾನೂನುಬದ್ಧತೆಯ ಬಗ್ಗೆ ಅಂತರರಾಷ್ಟ್ರೀಯ ನ್ಯಾಯಾಲಯ 1996ರ ಜುಲೈ 8ರಂದು ಸಲಹಾ ಅಭಿಪ್ರಾಯ ನೀಡಿತು. ಪೂರ್ಣ ನಿಶ್ಶಸ್ತ್ರೀಕರಣದ ಮಾತುಕತೆಯನ್ನು ಸದ್ಭಾವನೆಯಿಂದ ನಡೆಸಿ ಮುಗಿಸುವುದು ರಾಷ್ಟ್ರಗಳ ಕರ್ತವ್ಯವೆಂದು ಅದರಲ್ಲಿ ಒಮ್ಮತದಿಂದ ಹೇಳಿತು. ಜರ್ಮನಿಯ ನೂರಾರು ನಗರಗಳು ಆ ದಿನದ ಆಸುಪಾಸಿನಲ್ಲಿ ಪುರಭವನದ ಮುಂದೆ ‘ಮೇಯರ್ಸ್ ಫಾರ್ ಪೀಸ್’ ಧ್ವಜ ಹಾರಿಸುತ್ತವೆ. ಬೇಕಾಗಿರುವುದು ಒಂದು ಬಟ್ಟೆ, ಒಂದು ಕಂಬ ಮತ್ತು ಹತ್ತು ನಿಮಿಷ. ಹಣವಿಲ್ಲ, ಜನವಿಲ್ಲ ಎನ್ನುವ ಸಣ್ಣ ಊರುಗಳಿಗೆ ಇದಕ್ಕಿಂತ ಸುಲಭದ ಆರಂಭ ನನಗೆ ಕಂಡಿಲ್ಲ. ಆಗಸ್ಟ್ 29 ಅಣು ಪರೀಕ್ಷೆಗಳ ವಿರುದ್ಧದ ದಿನ. ಕಝಾಕಸ್ತಾನದ ಸೆಮಿಪಲಾಟಿನ್ಸ್ಕ್ ಪರೀಕ್ಷಾ ಕ್ಷೇತ್ರ ಮುಚ್ಚಿದ್ದು 1991ರ ಅದೇ ತಾರೀಖಿನಂದು. ಸೆಪ್ಟೆಂಬರ್ 21 ಅಂತರರಾಷ್ಟ್ರೀಯ ಶಾಂತಿ ದಿನ, 26 ಅಣ್ವಸ್ತ್ರಗಳ ಸಂಪೂರ್ಣ ನಿರ್ಮೂಲನೆಯ ದಿನ. ಆಗಸ್ಟ್ ತಿಂಗಳಲ್ಲಿ ಶಾಲೆಗಳಿಗೆ ರಜೆ ಇರುವ ಕಡೆ ಸೆಪ್ಟೆಂಬರ್ ತಾರೀಖುಗಳೇ ವಾಸಿ.

ಆಗಸ್ಟ್ 6ನ್ನೇ ಆರಿಸಿಕೊಂಡರೆ ಯಾವ 8.15 ಎಂಬುದನ್ನು ಮೊದಲೇ ತೀರ್ಮಾನಿಸಿ. ಹಿರೋಶಿಮಾದ 8.15 ಎಂದರೆ ಗ್ರೀನಿಚ್ ಕಾಲಮಾನದಲ್ಲಿ ಹಿಂದಿನ ರಾತ್ರಿ 11.15. ಹೆಚ್ಚಿನ ನಗರಗಳು ತಮ್ಮ ಗಡಿಯಾರದ 8.15ನ್ನೇ ಅನುಸರಿಸುತ್ತವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಆಹ್ವಾನ ಪತ್ರದಲ್ಲಿ ‘ಅದೇ ಕ್ಷಣದಲ್ಲಿ’ ಎಂದು ಅಚ್ಚು ಹಾಕಿಸಿದರೆ ಸಭೆಯಲ್ಲಿ ಯಾರಾದರೊಬ್ಬ ಮೇಷ್ಟ್ರು ಎದ್ದು ನಿಲ್ಲುತ್ತಾರೆ.

ಒಂದು ನಿಮಿಷದ ಮೌನ

ಹಿರೋಶಿಮಾದ ಬೆಳಗಿನ ಸಮಾರಂಭದ ಅಂಗಗಳು ಕೆಲವೇ: ಮೃತರ ಹೆಸರುಗಳ ಪಟ್ಟಿಯನ್ನು ಸ್ಮಾರಕದೊಳಗೆ ಇಡುವುದು, ಪುಷ್ಪಾರ್ಪಣೆ, 8.15ಕ್ಕೆ ಶಾಂತಿ ಗಂಟೆಯೊಡನೆ ಒಂದು ನಿಮಿಷದ ಮೌನ, ಮೇಯರ್ ಓದುವ ಶಾಂತಿ ಘೋಷಣೆ, ಇಬ್ಬರು ಶಾಲಾ ಮಕ್ಕಳು ಹೇಳುವ ಪ್ರತಿಜ್ಞೆ. ಸ್ಥಳೀಯ ಸಮಾರಂಭಕ್ಕೂ ಇದಕ್ಕಿಂತ ಹೆಚ್ಚು ಬೇಕಿಲ್ಲ, ಇದಕ್ಕಿಂತ ಕಡಿಮೆಯಾದರೂ ಸಾಕು.

ಕೆಡುವುದು ಯಾವಾಗಲೂ ಮೌನವೇ. ನಾನು ಹಾಜರಿದ್ದ ಒಂದು ಆಚರಣೆಯಲ್ಲಿ ನಿರೂಪಕರು ‘ಈಗ ಒಂದು ನಿಮಿಷ ಮೌನ’ ಎಂದು ಹೇಳಿ, ಇಪ್ಪತ್ತು ಸೆಕೆಂಡ್ ಆಗುವಷ್ಟರಲ್ಲಿ ಕಸಿವಿಸಿಗೊಂಡು, ಕೈಯಲ್ಲಿದ್ದ ಚೀಟಿ ನೋಡಿ ಪ್ರಾಯೋಜಕರಿಗೆ ಧನ್ಯವಾದ ಹೇಳತೊಡಗಿದರು. ಹಿಂದಿನ ಸಾಲಿನ ಒಂದು ಮಗು ಮಾತ್ರ ಇನ್ನೂ ಕಣ್ಣು ಮುಚ್ಚಿಕೊಂಡೇ ನಿಂತಿತ್ತು. ಅರವತ್ತು ಸೆಕೆಂಡ್ ವೇದಿಕೆಯ ಮೇಲೆ ನಿಂತವರಿಗೆ ಬಹಳ ದೀರ್ಘ. ಆದ್ದರಿಂದ ಆರಂಭ ಮತ್ತು ಅಂತ್ಯ ಎರಡನ್ನೂ ಗಂಟೆಗೆ ಬಿಟ್ಟುಬಿಡಿ. ಗಡಿಯಾರ ಹಿಡಿದ ಒಬ್ಬರು ಗಂಟೆ ಬಾರಿಸುವವರ ಪಕ್ಕದಲ್ಲಿ ನಿಲ್ಲಲಿ. ಧ್ವನಿವರ್ಧಕವನ್ನು ಆ ಹೊತ್ತಿಗೆ ಪೂರ್ತಿ ಆರಿಸಲಿ. ಛಾಯಾಗ್ರಾಹಕರಿಗೆ ಓಡಾಡಬೇಡಿ ಎಂದು ಮುಂಚಿತವಾಗಿ ಹೇಳಿಡಿ. ಸಮಾರಂಭ ನಡೆಯುವ ಚೌಕದಲ್ಲಿ ಹಾದುಹೋಗುವ ನಗರ ಬಸ್ಸುಗಳು ಒಂದು ನಿಮಿಷ ನಿಲ್ಲುವಂತೆ ಸಾರಿಗೆ ವಿಭಾಗವನ್ನು ಒಪ್ಪಿಸಲು ಸಾಧ್ಯವಾದರೆ, ಅಂದಿನ ಯಾವ ಭಾಷಣವೂ ಅದಕ್ಕೆ ಸಮನಾಗದು.

ಮೇಯರ್ ಓದುವ ಘೋಷಣೆ ಐದು ನಿಮಿಷ ಮೀರಬಾರದು. ಅದರಲ್ಲಿ ನಗರದ ಅಗ್ನಿಶಾಮಕ ದಳದ ಮುಖ್ಯಸ್ಥರೋ ದೊಡ್ಡ ಆಸ್ಪತ್ರೆಯ ವೈದ್ಯರೋ ಸೇರಿಸಿದ ಒಂದು ವಾಕ್ಯವಿದ್ದರೆ ಘೋಷಣೆಯ ತೂಕವೇ ಬೇರೆ: ಇಂಥ ದಾಳಿಯಾದರೆ ನಮ್ಮ ಬಳಿ ಇಷ್ಟು ಸುಟ್ಟಗಾಯದ ಹಾಸಿಗೆಗಳಿವೆ, ಅದಕ್ಕಿಂತ ಹೆಚ್ಚೇನೂ ನಮ್ಮಿಂದಾಗದು. ಆ ಹಾಸಿಗೆಗಳ ನಿಜವಾದ ಸಂಖ್ಯೆಯನ್ನು ಆಸ್ಪತ್ರೆಯಿಂದಲೇ ಕೇಳಿ ಪಡೆಯಬೇಕು. ಸಾಮಾನ್ಯವಾಗಿ ಅದು ಕೇಳುಗರು ಎಣಿಸಿದ್ದಕ್ಕಿಂತ ಎಷ್ಟೋ ಚಿಕ್ಕದಾಗಿರುತ್ತದೆ.

ಪ್ರದರ್ಶನ, ಸಾಕ್ಷ್ಯ

ಛಾಯಾಚಿತ್ರಗಳ ಭಿತ್ತಿಪತ್ರಗಳನ್ನು ಹಿರೋಶಿಮಾ ಮತ್ತು ನಾಗಸಾಕಿಯ ಸಂಸ್ಥೆಗಳಿಂದ ಪಡೆಯಲು ವ್ಯವಸ್ಥೆಯಿದೆ. ಅವನ್ನು ಗ್ರಂಥಾಲಯ, ರೈಲು ನಿಲ್ದಾಣ, ಪಾಲಿಕೆ ಕಚೇರಿಯ ಮೊಗಸಾಲೆಯಂಥ ಜನ ಬೇರೆ ಕೆಲಸಕ್ಕೆ ಬರುವ ಜಾಗಗಳಲ್ಲಿ ಹಾಕಬೇಕು. ಕಲಾ ಗ್ಯಾಲರಿಗೆ ಬರುವವರಿಗೆ ವಿಷಯ ಮೊದಲೇ ತಿಳಿದಿರುತ್ತದೆ. ಸುಟ್ಟಗಾಯಗಳ ಚಿತ್ರಗಳನ್ನು ಪ್ರತ್ಯೇಕ ತಿರುವಿನಾಚೆ ಇಟ್ಟು, ಮುಂದೆ ಏನಿದೆಯೆಂದು ಫಲಕ ಹಾಕಿ. ಮುಚ್ಚಿಡುವುದು ಬೇಡ, ಆದರೆ ಆರು ವರ್ಷದ ಮಗುವಿನ ಮುಂದೆ ಏಕಾಏಕಿ ತೆರೆದಿಡುವುದೂ ಬೇಡ.

ಪ್ರದರ್ಶನ ಎರಡು ಜಪಾನಿ ನಗರಗಳಿಗೇ ಸೀಮಿತವಾದರೆ ಅದು ಬೇರೆ ಯಾರದೋ ಹಳೆಯ ದುಃಖವಾಗಿ ಕಾಣುವ ಅಪಾಯವಿದೆ. ಬಾಂಬಿಗೆ ಬಲಿಯಾದವರಲ್ಲಿ ಸಾವಿರಾರು ಕೊರಿಯನ್ನರಿದ್ದರು. ಅಮೆರಿಕ 1946ರಿಂದ 1958ರವರೆಗೆ ಮಾರ್ಷಲ್ ದ್ವೀಪಗಳಲ್ಲಿ 67 ಪರೀಕ್ಷೆ ನಡೆಸಿತು. ಸೋವಿಯತ್ ಒಕ್ಕೂಟ ಸೆಮಿಪಲಾಟಿನ್ಸ್ಕ್‌ನಲ್ಲಿ ನಾಲ್ಕು ದಶಕಗಳಲ್ಲಿ 456. ಇಂದು ಒಂಬತ್ತು ರಾಷ್ಟ್ರಗಳ ಬಳಿ ಒಟ್ಟು ಸುಮಾರು 12,000 ಸಿಡಿತಲೆಗಳಿವೆ ಎಂಬ ಫಲಕ ಕೊನೆಯಲ್ಲಿರಲಿ.

ಬದುಕುಳಿದವರ, ಅಂದರೆ ಹಿಬಾಕುಶಾಗಳ, ಮಾತು ಕೇಳಿಸುವ ಅವಕಾಶ ವರ್ಷವರ್ಷಕ್ಕೆ ಕಿರಿದಾಗುತ್ತಿದೆ. ಅವರ ಸರಾಸರಿ ವಯಸ್ಸು 85 ದಾಟಿದೆ. ಅವರ ಸಂಘಟನೆ ನಿಹೊನ್ ಹಿದಾಂಕ್ಯೊಗೆ 2024ರ ನೊಬೆಲ್ ಶಾಂತಿ ಪ್ರಶಸ್ತಿ ಬರುವ ಹೊತ್ತಿಗೆ ಅದನ್ನು ಕಟ್ಟಿದವರಲ್ಲಿ ಹೆಚ್ಚಿನವರು ಇರಲಿಲ್ಲ. ಇದನ್ನು ಮುಂಗಂಡೇ ಹಿರೋಶಿಮಾ ನಗರ 2012ರಿಂದ, ಒಬ್ಬ ಹಿಬಾಕುಶಾರ ಅನುಭವವನ್ನು ಅವರಿಂದಲೇ ಕೇಳಿ ಕಲಿತು ಮುಂದಿನವರಿಗೆ ಹೇಳುವ ಉತ್ತರಾಧಿಕಾರಿ ಕಥನಕಾರರಿಗೆ ತರಬೇತಿ ಕೊಡುತ್ತಿದೆ. ವಿಡಿಯೊ ಮೂಲಕ ಇಂಥ ಸಾಕ್ಷ್ಯ ಏರ್ಪಡಿಸುವುದಾದರೆ ಅನುವಾದಕರಿಗೆ ಪಠ್ಯವನ್ನು ವಾರ ಮೊದಲೇ ಕೊಡಿ, ಪ್ರಶ್ನೆಗಳನ್ನು ಬರೆಸಿಕೊಂಡು ಆರಿಸಿ ಕೇಳಿ, ಕಾಲವ್ಯತ್ಯಾಸ ನೋಡಿಕೊಂಡು ವೃದ್ಧರನ್ನು ನಡುರಾತ್ರಿ ಎಬ್ಬಿಸದಿರಿ.

ಕಾಗದದ ಕೊಕ್ಕರೆ, ಬೀಜ, ದೀಪ

ಹಿರೋಶಿಮಾದಲ್ಲಿ ಎರಡನೆಯ ವಯಸ್ಸಿನಲ್ಲಿ ಬಾಂಬಿನ ವಿಕಿರಣಕ್ಕೆ ಒಳಗಾಗಿ, ರಕ್ತದ ಕ್ಯಾನ್ಸರಿನಿಂದ 1955ರಲ್ಲಿ ಹನ್ನೆರಡರ ಪ್ರಾಯದಲ್ಲಿ ತೀರಿಕೊಂಡ ಸಡಾಕೊ ಸಸಾಕಿ ಎಂಬ ಬಾಲಕಿ, ಸಾವಿರ ಮಡಚಿದರೆ ಬಯಕೆ ಈಡೇರುತ್ತದೆಂಬ ನಂಬಿಕೆಯಿಂದ ಆಸ್ಪತ್ರೆಯಲ್ಲಿ ಮಡಚುತ್ತಿದ್ದ ಕಾಗದದ ಕೊಕ್ಕರೆಗಳಿಂದಾಗಿ ಈ ಕಲೆ ಶಾಂತಿಯ ಗುರುತಾಯಿತು. ಮಕ್ಕಳೊಂದಿಗೆ ಇದನ್ನು ಮಾಡಿಸುವವರು ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. ಪಳಗಿದ ಕೈಗೆ ಒಂದಕ್ಕೆ ನಾಲ್ಕು ನಿಮಿಷ ಎಂದಿಟ್ಟುಕೊಂಡರೂ ಸಾವಿರಕ್ಕೆ 66 ಗಂಟೆ ದಾಟುತ್ತದೆ. ಹೊಸಬರಿಗೆ ಮೂರು ಪಟ್ಟು. ಚೌಕ ಕಾಗದದ ಎರಡು ಬದಿಗಳನ್ನು ಒಳಗೆ ಮಡಚಿ, ಮೇಲಿನ ಪದರವನ್ನು ಹೂವಿನ ಎಸಳಿನಂತೆ ಎತ್ತಿ ಚಪ್ಪಟೆ ಮಾಡುವ ಹೆಜ್ಜೆಯಲ್ಲಿ ಬಹುತೇಕ ಮಕ್ಕಳು ಸಿಕ್ಕಿಕೊಂಡು ಕಾಗದ ಹರಿಯುತ್ತಾರೆ. ಅಲ್ಲಿ ಕೈಹಿಡಿಯಲು ಪ್ರತಿ ಮೇಜಿಗೊಬ್ಬ ದೊಡ್ಡವರು ಬೇಕು, ಮೊದಲ ಸಲಕ್ಕೆ 15 ಸೆಂಟಿಮೀಟರಿನ ಕಾಗದ ಬೇಕು. ಸಾವಿರವಾದ ಮೇಲೆ 40ರಂತೆ 25 ಎಳೆಗಳಲ್ಲಿ ಪೋಣಿಸುವುದು ರೂಢಿ. ಪೋಣಿಸಿದ್ದನ್ನು ಜಪಾನಿಗೇ ಕಳುಹಿಸಬೇಕೆಂದಿಲ್ಲ: ಹಿರೋಶಿಮಾಕ್ಕೆ ವರ್ಷಕ್ಕೆ ಸುಮಾರು ಒಂದು ಕೋಟಿ, ಅಂದರೆ ಹತ್ತು ಟನ್‌ನಷ್ಟು ಕೊಕ್ಕರೆಗಳು ಬರುತ್ತವೆ, ಅವು ಮರುಬಳಕೆಯ ಕಾಗದವೂ ಆಗುತ್ತಿವೆ. ನಿಮ್ಮದೇ ಊರಿನ ಮಕ್ಕಳ ಆಸ್ಪತ್ರೆಯ ಪ್ರವೇಶದಲ್ಲಿ ತೂಗುಹಾಕಿದರೂ ಸಾಕು.

ಬಾಂಬು ಬಿದ್ದ ಜಾಗದಿಂದ ಸುಮಾರು ಎರಡು ಕಿಲೋಮೀಟರ್ ಒಳಗೆ ಬದುಕುಳಿದ ಮರಗಳ ಬೀಜಗಳನ್ನು 2011ರಲ್ಲಿ ಆರಂಭವಾದ ‘ಗ್ರೀನ್ ಲೆಗಸಿ ಹಿರೋಶಿಮಾ’ ಬೇರೆ ದೇಶಗಳಿಗೆ ಕಳುಹಿಸುತ್ತದೆ. ಗಿಂಕೊ, ಕರ್ಪೂರ ಮುಂತಾದ ಜಾತಿಗಳಲ್ಲಿ ನಿಮ್ಮ ಹವೆಗೆ ಒಗ್ಗುವುದನ್ನು ತೋಟಗಾರಿಕಾ ವಿಭಾಗವೇ ಆರಿಸಬೇಕು. ಸಸ್ಯ ಆಮದಿನ ಪರವಾನಗಿಗೆ ತಿಂಗಳುಗಟ್ಟಲೆ ಹಿಡಿಯಬಹುದು. ನೀರು ಹಾಕುವವರ ಹುದ್ದೆ ಗೊತ್ತಾಗದೆ ಗಿಡ ನೆಡಬೇಡಿ. ಒಣಗಿದ ಶಾಂತಿವೃಕ್ಷದ ಪಕ್ಕದ ಶಿಲಾಫಲಕಕ್ಕಿಂತ ಮುಜುಗರದ ನೋಟ ಮತ್ತೊಂದಿಲ್ಲ.

ಸಂಜೆ ನೀರಿನ ಮೇಲೆ ಕಾಗದದ ದೀಪ ತೇಲಿಬಿಡುವುದಾದರೆ ಹರಿವಿನ ಕೆಳಗಡೆ ಬಲೆ ಮತ್ತು ದೋಣಿ ಇರಲಿ, ಎಷ್ಟು ಬಿಟ್ಟೆವೋ ಅಷ್ಟನ್ನೂ ಅದೇ ರಾತ್ರಿ ಎಣಿಸಿ ಹಿಂತೆಗೆಯಲಿ.

ಆಮೇಲಿನ ವಾರ

ಒಂದು ವಾರದೊಳಗೆ ಮೇಯರ್ ಸಹಿಯ ಪತ್ರವೊಂದು ನಿರ್ಣಯದ ಪ್ರತಿಯೊಡನೆ ರಾಷ್ಟ್ರೀಯ ಸರ್ಕಾರದ ವಿದೇಶಾಂಗ ಸಚಿವರಿಗೂ ಆ ಕ್ಷೇತ್ರದ ಸಂಸತ್ ಸದಸ್ಯರಿಗೂ ಹೋಗಬೇಕು. ಹಿರೋಶಿಮಾದ ಮೇಯರ್‌ಗಳು 1968ರಿಂದ ಅಣು ಪರೀಕ್ಷೆ ನಡೆದಾಗಲೆಲ್ಲ ಆಯಾ ರಾಷ್ಟ್ರದ ಮುಖ್ಯಸ್ಥರಿಗೆ ಪ್ರತಿಭಟನೆಯ ಪತ್ರ ಕಳುಹಿಸುತ್ತ ಬಂದಿದ್ದಾರೆ, ಅವುಗಳ ಪ್ರತಿಗಳನ್ನು ಅಲ್ಲಿನ ಶಾಂತಿ ಸ್ಮಾರಕ ಸಂಗ್ರಹಾಲಯದಲ್ಲಿ ಸಾಲಾಗಿ ಪ್ರದರ್ಶಿಸಲಾಗಿದೆ. ನಿಮ್ಮ ಪತ್ರಕ್ಕೂ ಆವಕ-ಜಾವಕ ಸಂಖ್ಯೆ ಹಾಕಿಸಿ, ಸ್ವೀಕೃತಿ ಪಡೆದು ಕಡತದಲ್ಲಿಡಿ. ಉತ್ತರ ಬಂದರೆ ಉತ್ತರದೊಡನೆ, ಬಾರದಿದ್ದರೆ ಕಳುಹಿಸಿದ ತಾರೀಖಿನೊಡನೆ, ಮುಂದಿನ ವರ್ಷದ ಪ್ರದರ್ಶನದ ಮೊದಲ ಫಲಕಕ್ಕೆ ಅದನ್ನೇ ಅಂಟಿಸಿ.